ಪಕ್ಕದ ಮನೆಯ ಗಿಣ್ಣದ ಹಾಲು

ಸಾಲಹಳ್ಳಿಯ ಗಂಗವ್ವನ ಆಕಳು ಈದು ಸತ್ತುಹೋಗಿತ್ತು. ಪಶುವೈದ್ಯನಾದ ನಾನು ಊರು ಮುಟ್ಟುವಷ್ಟರಲ್ಲಿ ಕರು ಮಾತ್ರ ಉಳಿದಿತ್ತು.

"ರೋಗ ತಡಿಯೋ ಶಕ್ತಿ ಇದರ ಮೈಯಾಗ ಇನ್ನೂ ಇಲ್ಲವ್ವಾ. ಅದು ಗಿಣ್ಣದ ಹಾಲಿನಿಂದನ ಬರಬೇಕು. ನಾಳಿ ಕುಡಿಸಿದ್ರ ಮೈಗೆ ಹತ್ತಂಗಿಲ್ಲ," ಅಂದೆ.

ಹೊಲದ ಬದುವಿನ ಜಗಳದಿಂದ ಗಂಗವ್ವನೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯ ನೀಲವ್ವ ಗೋಡೆಯಾಚೆ ಇದನ್ನು ಕೇಳಿಸಿಕೊಂಡಳು. ಅವಳ ಆಕಳು ಬೆಳಿಗ್ಗೆಯಷ್ಟೇ ಈದಿತ್ತು. ಚರಗಿ ತುಂಬ ಹಳದಿ ಹಾಲು ತಂದು, "ನಮ್ಮ ಕರಕ್ಕ ಕುಡಿಸಿ ಉಳದೈತಿ, ತಗೋರಿ ಸಾಹೇಬ್ರ," ಅಂದಳು. ಗಂಗವ್ವನ ಕಡೆ ನೋಡಲಿಲ್ಲ.

ಬಾಟಲಿಯಿಂದ ಕುಡಿಸಿದೆ. ಒಂದು ಆಕಳು ಬದುಕಿಡೀ ರೋಗಗಳೊಡನೆ ಸೆಣಸಿ ಗಳಿಸಿದ ಬಲ ಇನ್ನೊಂದರ ಕರುವಿನ ರಕ್ತಕ್ಕೆ ಇಳಿಯುತ್ತಿತ್ತು. ಎಷ್ಟು ಸಲ ಕಂಡರೂ ನನಗೆ ಮೈ ಜುಮ್ಮೆನ್ನುತ್ತದೆ.

ಕರು ನಡುಗುತ್ತ ಎದ್ದು ನಿಂತಾಗ ಹೆಂಗಸರಿಬ್ಬರೂ ಒಟ್ಟಿಗೇ "ಹಿಡಿ, ಬೀಳತೈತಿ!" ಅಂದರು. ನನಗೆ ಅಂದದ್ದಾದರೆ ‘ಹಿಡೀರಿ’ ಅನ್ನುತ್ತಿದ್ದರು. ಹಾಗಾಗಿ ನಾನು ಸುಮ್ಮನೆ ನಿಂತೆ.