ತೊಳೆದಿಟ್ಟ ಹಲ್ಲುಗಳು

ಆ ಹಲ್ಲುಗಳನ್ನು ತೊಳೆದವಳು ನಾನು. ನಸ್ರೀನ್ ಅಲ್ಲ. ಹನ್ನೊಂದು ವರ್ಷ ಅವಳ ಹೆಸರಿಗೆ ಅಂಟಿಕೊಂಡಿದ್ದ ಆ ತಪ್ಪು ನನ್ನದು — ಕೈತಪ್ಪಿ ಆದದ್ದಲ್ಲ, ತಿಳಿದೇ ಮಾಡಿದ್ದು.

ಆಗ ನಾವಿಬ್ಬರೂ ದಾವಣಗೆರೆಯಲ್ಲಿ ಒಬ್ಬರೇ ಗುರುಗಳ ಕೈಕೆಳಗೆ ಪ್ರಾಚೀನ ಸಮಾಧಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆವು. ನಾನು ಹದಡಿಯ ಒಕ್ಕಲುಮನೆಯವಳು, ಎರಡು ವರ್ಷ ಮೊದಲೇ ಸೇರಿದವಳು. ನಸ್ರೀನ್ ಹರಿಹರದವಳು, ಅವಳ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಕೊಕ್ಕನೂರಿನ ಹೊಲವೊಂದರಲ್ಲಿ ಪೈಪ್ ಹೂಳಲು ತೋಡುವಾಗ ಕಲ್ಲುಚಪ್ಪಡಿಯ ಸಮಾಧಿಯೊಂದು ಸಿಕ್ಕಿತ್ತು. ಅನುಮತಿ ಪಡೆದು ಅಗೆದೆವು. ಮಡಕೆಗಳ ನಡುವೆ ಒಬ್ಬ ಹೆಂಗಸಿನ ದವಡೆ. ಹಲ್ಲುಗಳ ಬುಡಕ್ಕೆ ಬೂದುಬಣ್ಣದ ಗಟ್ಟಿ ಕಿಟ್ಟ ಕಟ್ಟಿತ್ತು. ನಾನು ಅದನ್ನು ಮಣ್ಣೆಂದುಕೊಂಡೆ. ನಸ್ರೀನ್ ಹಾಗೆಂದುಕೊಳ್ಳಲಿಲ್ಲ.

“ಇದು ಮಣ್ಣಲ್ಲ ಸರ್, ಹಲ್ಲಿನ ಕಿಟ್ಟ. ಈಕಿ ಉಂಡಿದ್ದೆಲ್ಲ ಇದರೊಳಗ ಸಿಕ್ಕೊಂಡಿರ್ತೈತೆ” ಎಂದಳು.

ಅಂಥ ಸಮಾಧಿ ಕಟ್ಟಿದ ಜನ ದನ ಮೇಯಿಸುತ್ತ, ಹೆಚ್ಚಾಗಿ ಮಾಂಸ ತಿಂದೇ ಬದುಕಿದವರು ಎಂಬುದು ಗುರುಗಳ ನಂಬಿಕೆಯಾಗಿತ್ತು. ನಸ್ರೀನ್ ಒಂದು ಹಲ್ಲಿನಿಂದ ಚೂರೇ ಚೂರು ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟಳು. ಕಾಳಿನ ಹಿಟ್ಟಿನ ಕಣಗಳು — ನವಣೆಯಂಥವು. ಇನ್ನೊಂದು ಹುರುಳಿಯದಿರಬಹುದು ಎಂದಳು. ಖಚಿತಪಡಿಸಲು ಉಳಿದ ಹಲ್ಲುಗಳನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಆ ಹೊಲದ ಒಡತಿ ಅಜ್ಜಿಗೆ ಸುದ್ದಿ ಹೇಳಿದಾಗ ಆಕೆ, “ಹಂಗಾರ ನಾವು ಉಣ್ಣಾದನ್ನೇ ಆಕಿನೂ ಉಂಡಾಳ ಬಿಡ್ರಿ” ಎಂದು ದವಡೆಯ ಪೆಟ್ಟಿಗೆಗೆ ಕೈಮುಗಿದಳು.

ಎಲ್ಲರೂ ಸಂತೋಷಪಟ್ಟರು. ನಾನೂ ನಕ್ಕೆ. ಆದರೆ ಅಂದಿನಿಂದ ಗುರುಗಳ ಬಾಯಲ್ಲಿ ಒಂದೇ ಮಾತು — “ನಸ್ರೀನ್ ಏನಂತಾಳೆ, ಕೇಳ್ರಿ.” ನನ್ನ ಮಡಕೆಚೂರುಗಳ ಬಗ್ಗೆಯೂ ಅವಳನ್ನೇ ಕೇಳಿದರು. ಅವಳು ನನ್ನ ಮುಖ ನೋಡಿ, “ಅಕ್ಕಂಗೇ ಚೆನ್ನಾಗಿ ಗೊತ್ತು ಸರ್” ಎಂದಳು. ಆ ಒಳ್ಳೆಯತನ ಇನ್ನೂ ಉರಿಸಿತು. ಅವಳು ಕೆಟ್ಟವಳಾಗಿದ್ದರೆ — ಬೇಡ, ಆ ಮಾತು ಇಲ್ಲಿಗೇ ಇರಲಿ.

ಒಂದು ಶನಿವಾರ ಅವಳ ತಾಯಿಗೆ ಜ್ವರವೆಂದು ಫೋನ್ ಬಂತು. ಹರಿಹರದ ಬಸ್ಸಿಗೆ ಹೊರಡುವ ಮುಂಚೆ ಪೆಟ್ಟಿಗೆಯನ್ನು ನನ್ನ ಕೈಗಿತ್ತಳು. “ಇದಕ್ಕ ಒಂದು ಹನಿ ನೀರೂ ತಾಗಿಸಬ್ಯಾಡ್ರಿ ಅಕ್ಕಾ. ಸೋಮವಾರ ಕಳಿಸಾದೈತೆ.”

ಮಧ್ಯಾಹ್ನ ಕೋಣೆಯಲ್ಲಿ ನಾನೊಬ್ಬಳೇ. ಮಡಕೆಚೂರು ತೊಳೆಯುವ ಬೋಗುಣಿ, ಹಳೇ ಹಲ್ಲುಜ್ಜುವ ಬ್ರಷ್ ಮುಂದೆಯೇ ಇದ್ದವು. ಪೆಟ್ಟಿಗೆ ತೆರೆದೆ. ಮೊದಲು ಸುಮ್ಮನೆ ನೋಡಿದೆ ಅಷ್ಟೆ — ಹಾಗೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ತೆರೆಯುವಾಗಲೇ ಗೊತ್ತಿತ್ತು. ಬ್ರಷ್ಷಿಗೆ ಜಗ್ಗದ ಕಿಟ್ಟವನ್ನು ಬಿದಿರುಕಡ್ಡಿಯಿಂದ ಕೆರೆದೆ. ಹಲ್ಲು ಹಲ್ಲು ಬಿಡಿಸಿ, ಒಂದನ್ನೂ ಉಳಿಸದೆ. ಆ ಹೆಂಗಸು ಬದುಕಿದ್ದಷ್ಟು ಕಾಲ ಉಂಡದ್ದರ ಗುರುತು ಬೋಗುಣಿಯಲ್ಲಿ ಕದಡಿ, ಮೋರಿ ಸೇರಿತು.

ಸೋಮವಾರ ಗುರುಗಳು ಪೆಟ್ಟಿಗೆ ತೆರೆದರು. ಹಲ್ಲುಗಳು ಬೆಳ್ಳಗಿದ್ದವು.

“ಯಾರು ತೊಳೆದೋರು ಇದನ್ನ?”

ನಸ್ರೀನ್ ಬಾಗಿ ಒಂದೊಂದೇ ಹಲ್ಲನ್ನು ನೋಡತೊಡಗಿದಳು. ನಾನು ಹೇಳಿದೆ — ನನ್ನನ್ನು ಯಾರೂ ಕೇಳದೆಯೇ ಹೇಳಿದೆ — “ಶನಿವಾರ ಊರಿಗೆ ಹೊರಡೋ ಅವಸರದಾಗ ನಸ್ರೀನ್ ಎಲ್ಲಾ ಒಟ್ಟಿಗೆ ತೊಳೀತಿದ್ಲು ಸರ್. ಮಡಕೆಚೂರಿನ ಜೊತಿಗೆ ಇವೂ ಸೇರಿರಬೇಕು.”

ಅವಳು ನನ್ನತ್ತ ತಿರುಗಿದಳು. ಎರಡೇ ಕ್ಷಣ. ಅವಳಿಗೆ ತಿಳಿಯಿತು. “ನಾ ತೊಳೆದಿಲ್ಲ ಸರ್” ಎಂದಳು, ನನ್ನ ಹೆಸರೆತ್ತಲಿಲ್ಲ. ಗುರುಗಳು ನಂಬಲಿಲ್ಲ. ಮೊದಲ ಹಲ್ಲಿನ ಫಲಿತಾಂಶವನ್ನೂ ಅನುಮಾನಿಸಿ ಬದಿಗಿಟ್ಟರು. ಮುಂದಿನ ವರ್ಷದೊಳಗೆ ಅವಳು ಸಂಶೋಧನೆ ಬಿಟ್ಟು ಹರಿಹರದ ಪ್ರೌಢಶಾಲೆಯೊಂದಕ್ಕೆ ಸೇರಿದಳು. ನನ್ನ ಪ್ರಬಂಧದಲ್ಲಿ ನಾನು ಬರೆದೆ: ‘ಇವರ ಆಹಾರದ ಬಗ್ಗೆ ಖಚಿತ ಪುರಾವೆ ದೊರೆತಿಲ್ಲ.’ ಆ ವಾಕ್ಯಕ್ಕೇ ನನಗೆ ಡಾಕ್ಟರೇಟ್ ಬಂತೆನ್ನಬೇಕು.

ಈಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ತಿಂಗಳು ಸಮಾಧಿಗಳ ಪಾಠದ ನಡುವೆ ಒಬ್ಬ ವಿದ್ಯಾರ್ಥಿನಿ ಎದ್ದು, “ಆ ಜನ ಏನು ಉಣ್ತಿದ್ರು ಮೇಡಂ?” ಎಂದು ಕೇಳಿದಳು. ಗೊತ್ತಾಗಿಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಅದೇ ವಾರ, ನಾವು ಸಂಶೋಧನೆ ಮಾಡಿದ್ದ ವಿಭಾಗಕ್ಕೆ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ಕೊಟ್ಟೆ. ನಿವೃತ್ತರಾಗಿರುವ ಗುರುಗಳಿಗೂ ಕಳಿಸಿದೆ. ಏನು ಕ್ರಮ ಕೈಗೊಳ್ಳುತ್ತಾರೋ ಕೈಗೊಳ್ಳಲಿ.

ಆಮೇಲೆ ಹರಿಹರಕ್ಕೆ ಹೋದೆ. ಶಾಲೆಯ ವರಾಂಡದಲ್ಲಿ ನಿಂತೇ ನಸ್ರೀನ್ ಎಲ್ಲವನ್ನೂ ಕೇಳಿದಳು. ಕ್ಷಮಿಸು ಎನ್ನುವ ಧೈರ್ಯ ನನಗಿರಲಿಲ್ಲ. ಅವಳೂ ಅದಕ್ಕಾಗಿ ಕಾಯಲಿಲ್ಲ. ಕೇಳಿದ್ದು ಒಂದೇ:

“ದವಡಿ ಹಲ್ಲಿನ ಸಂದ್ಯಾಗ, ಬೇರಿನ ಹತ್ರ — ಏನಾರ ಉಳಿದೈತೇನ್ರಿ?”

“ಅಲ್ಲೂ ಕೆರೆದೆ” ಎಂದೆ.

ಅವಳು ತಲೆ ಆಡಿಸಿ ತರಗತಿಗೆ ನಡೆದಳು. ಹನ್ನೊಂದು ವರ್ಷದ ಮೇಲೂ ಅವಳಿಗೆ ಮೊದಲು ನೆನಪಾದದ್ದು ಸಮಾಧಿಯ ಆ ಹೆಂಗಸು. ನಾನಾಗಿದ್ದರೆ ಆ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ — ವರಾಂಡದಲ್ಲಿ ನಿಂತು ಅದನ್ನು ಯೋಚಿಸುವಾಗಲೂ ನನಗಾದದ್ದು ಹೊಟ್ಟೆಕಿಚ್ಚೇ.