ಮೂರನೆಯ ಸಲ ಕೇಳುವವರೆಗೆ

ಯಾರ ಮನೆಗೇ ಹೋಗಲಿ, ಕಾಫಿ ಕೊಡಲೇ ಎಂದು ಕೇಳಿದರೆ ನನ್ನ ಬಾಯಿಂದ ಮೊದಲು ಬರುವ ಮಾತು ‘ಬೇಡ’. ಬೇಕು ಬೇಕು ಎಂದು ಒಳಗೆ ಜೀವ ಬಡಿದುಕೊಳ್ಳುತ್ತಿದ್ದರೂ ನಾಲಿಗೆ ಮಾತ್ರ ತನ್ನ ಪಾಡಿಗೆ ‘ಅಯ್ಯೋ ಬೇಡ, ಈಗಷ್ಟೇ ಆಯಿತು’ ಎಂದುಬಿಡುತ್ತದೆ. ಮೈಸೂರಿನಲ್ಲಿ ಇದರಿಂದ ಏನೂ ನಷ್ಟವಾಗುತ್ತಿರಲಿಲ್ಲ. ಅಲ್ಲಿ ಮೊದಲ ಬೇಡವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯದನ್ನು ನಕ್ಕು ತಳ್ಳಿಹಾಕುತ್ತಾರೆ. ಮೂರನೆಯ ಸಲ ಕೇಳುವ ಹೊತ್ತಿಗೆ ಲೋಟ ನಮ್ಮ ಕೈಯಲ್ಲೇ ಇರುತ್ತದೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹೀಗೇ ಬೇಡ ಎಂದೆ. ಅವರು ‘ಓಕೆ’ ಎಂದವರೇ ತಮಗೊಬ್ಬರಿಗೇ ಬಗ್ಗಿಸಿಕೊಂಡು ಬಂದು, ನನ್ನ ಎದುರಿಗೇ ಕೂತು ಸಾವಕಾಶವಾಗಿ ಕುಡಿದರು. ಆ ಪರಿಮಳ ಇನ್ನೂ ನನ್ನ ಮೂಗಿನಲ್ಲಿದೆ.

ಇಂಥ ನಾಲಿಗೆ ಇಟ್ಟುಕೊಂಡವನು ಪರರ ಹೌದು-ಅಲ್ಲಗಳನ್ನು ತೂಗಿ ನೋಡುವ ಕೆಲಸಕ್ಕೆ ಹೇಗೆ ಸೇರಿದನೋ ನನಗೇ ಬಗೆಹರಿದಿಲ್ಲ. ನಾನು ಇಲ್ಲಿನ ರಾಜ್ಯ ಸರ್ಕಾರದ ಅಡ್ಮಿನಿಸ್ಟ್ರೇಟಿವ್ ಲಾ ಜಡ್ಜ್. ಹೆಸರಿನಲ್ಲಿ ಜಡ್ಜ್ ಎಂದಿದೆ, ನಿಜ. ಆದರೆ ಕರಿಯ ಗೌನಿಲ್ಲ, ಸುತ್ತಿಗೆಯಿಲ್ಲ, ನಾನು ಒಳಗೆ ಬಂದರೆ ಎದ್ದು ನಿಲ್ಲುವವರಿಲ್ಲ. ಶಿಕಾಗೊ ಡೌನ್‌ಟೌನಿನ ಕಟ್ಟಡವೊಂದರಲ್ಲಿ ಕಿಟಕಿಯಿಲ್ಲದ ಕೋಣೆ, ಒಂದು ಸ್ಪೀಕರ್ ಫೋನು, ಒಂದು ಕ್ಯಾಸೆಟ್ ರೆಕಾರ್ಡರು, ಇಷ್ಟೇ ನನ್ನ ನ್ಯಾಯಾಲಯ. ಕೆಲಸ ಹೋದವರಿಗೆ ಸರ್ಕಾರ ಕೊಡುವ ಭತ್ಯೆ ನಿಂತುಹೋದರೆ, ನಿಂತದ್ದು ಸರಿಯೇ ಎಂದು ಕೆಲಸಗಾರರನ್ನೂ ಮಾಲೀಕರನ್ನೂ ಫೋನಿನಲ್ಲೇ ವಿಚಾರಿಸಿ ತೀರ್ಪು ಬರೆಯುವುದು ನನ್ನ ಕೆಲಸ.

ಇದನ್ನು ನಮ್ಮವರಿಗೆ ವಿವರಿಸಿ ವಿವರಿಸಿ ಸೋತಿದ್ದೇನೆ. ವೆಸ್ಟ್‌ಮಂಟಿನ ಗೃಹಪ್ರವೇಶವೊಂದರಲ್ಲಿ ಎಂಜಿನಿಯರೊಬ್ಬ ಬಳಿಸಾರಿ, “ಅಂಕಲ್, ಹೈವೇಲಿ ಸ್ಪೀಡಿಂಗ್ ಟಿಕೆಟ್ ಕೊಟ್ಬಿಟ್ಟಿದಾರೆ, ನೀವು ಒಂದ್ ಮಾತು ಹೇಳಿದ್ರೆ...” ಎಂದ. ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲಪ್ಪ ಎಂದೆ. ಪಕ್ಕದಲ್ಲಿದ್ದವರು ಮೈಸೂರಿನ ಸೈಟಿನ ವ್ಯಾಜ್ಯ ತೆಗೆದರು. ಅದೂ ಬರುವುದಿಲ್ಲ ಎಂದೆ.

“ಮತ್ತೆ ಎಂಥಾ ಜಡ್ಜ್ ಸಾರ್ ನೀವು?”

“ಫೋನಲ್ಲಿ ಮಾತಾಡೋ ಜಡ್ಜು,” ಎಂದು ನನ್ನ ಹೆಂಡತಿ ವತ್ಸಲಾ ಕೋಸಂಬರಿ ಬಡಿಸುತ್ತಾ ತೀರ್ಪು ಕೊಟ್ಟಳು. ಆ ಕೋರ್ಟಿನ ಮೇಲೆ ಅಪೀಲು ಇಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಕೇಸು ಬಂತು. ಶಿಕಾಗೊ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿದ್ದ ಒಬ್ಬ ಹೆಂಗಸು. ನಿಜವಾದ ಹೆಸರು ಹೇಳುವಂತಿಲ್ಲ, ಶಮೀಮ್ ಎಂದಿಟ್ಟುಕೊಳ್ಳಿ. ಬಟ್ಟೆ ಆಲ್ಟರೇಷನ್ ಮಾಡುವ ಅಂಗಡಿಯಲ್ಲಿ ಹೊಲಿಯುತ್ತಿದ್ದರು. ವ್ಯಾಪಾರ ಇಳಿದಾಗ ಕೆಲಸದಿಂದ ಬಿಡಿಸಿದ್ದರು. ಗಂಡನಿಗೆ ಕಾಯಿಲೆ, ಮನೆ ನಡೆಯುತ್ತಿದ್ದುದು ಭತ್ಯೆಯಲ್ಲೇ. ಕೆಲವು ವಾರಗಳ ಮೇಲೆ ಮ್ಯಾನೇಜರ್ ಫೋನ್ ಮಾಡಿ ವಾಪಸ್ ಬರುತ್ತೀರಾ ಎಂದು ಕೇಳಿದ. ಆಕೆ ಬೇಡ ಎಂದರು. ಕೊಟ್ಟ ಕೆಲಸವನ್ನು ಒಲ್ಲೆ ಎಂದವರಿಗೆ ಭತ್ಯೆ ಇಲ್ಲ ಎಂಬುದು ಕಾನೂನು. ನಿಂತೇಹೋಯಿತು.

ಮ್ಯಾನೇಜರ್ ಡೇವ್ ಡೆಟ್ರಾಯಿಟ್ ಹತ್ತಿರದ ಟ್ರಾಯ್‌ನಲ್ಲಿದ್ದ ಅವರ ಮುಖ್ಯ ಕಚೇರಿಯಿಂದ ಲೈನಿಗೆ ಬಂದ. ಅವರ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಅದನ್ನು ಮರೆತು ಒಂದು ಗಂಟೆ ಮೊದಲೇ ಫೋನಿನ ಮುಂದೆ ಕೂತು ಆಗಲೇ ಸಿಡಿಮಿಡಿಗೊಂಡಿದ್ದ. “ಬರ್ತೀರಾ ಅಂತ ಕೇಳಿದೆ. ನೋ ಅಂದ್ರು. ಥ್ಯಾಂಕ್ಯೂ ಅಂತ ಇಟ್ಟೆ. ಇದರಲ್ಲಿ ಇನ್ನೇನಿದೆ?” ಎಂದ.

ಶಮೀಮ್ ಇಂಗ್ಲಿಷಿನಲ್ಲಿ ಶುರುಮಾಡಿದವರು, ಎದೆ ತುಂಬಿ ಬಂದಿರಬೇಕು, ನಡುವೆಯೇ ಕನ್ನಡಕ್ಕೆ ತಿರುಗಿಬಿಟ್ಟರು. “ಸಾರ್, ನಿಮ್ಮ ಹೆಸರು ಕೇಳಿದ್ರೆ ನಮ್ಮ ಕಡೆಯೋರು ಅನ್ಸುತ್ತೆ. ನಾವು ಶಿವಮೊಗ್ಗದೋರು. ಒಂದೇ ಸಲಕ್ಕೆ ಹೂಂ ಅಂದ್ರೆ ಕಾಯ್ಕೊಂಡು ಕೂತಿದ್ಳು ಅಂದ್ಕೊಳಲ್ವಾ? ಇನ್ನೊಂದ್ಸಲ ಕೇಳ್ತಾರೆ ಅಂತ ಫೋನ್ ಹಿಡ್ಕೊಂಡೇ ನಿಂತಿದ್ದೆ. ಅವ್ರು ಕಟ್ ಮಾಡ್ಬಿಟ್ರು. ನಿಮಗಾದ್ರೂ ಅರ್ಥ ಆಗುತ್ತಲ್ಲ ಸಾರ್?”

ಅರ್ಥವಾಗದೆ ಏನು! ಆದರೆ ನನ್ನ ಬಾಯಿಂದ ಬಂದದ್ದು, “ಮ್ಯಾಮ್, ದಯವಿಟ್ಟು ಇಂಗ್ಲಿಷಿನಲ್ಲಿ ಹೇಳಿ, ಡೇವ್ ಅವರಿಗೂ ತಿಳಿಯಬೇಕು,” ಎಂಬ ಮಾತು. ಅದೂ ಇಂಗ್ಲಿಷಿನಲ್ಲಿ. ಹೇಳುವಾಗ ನನಗೆ ಸಂಕಟವಾಯಿತು. ಆಕೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಡೇವ್‌ಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಈಗ ನನ್ನ ಗೊಂದಲ ನೋಡಿ. ನ್ಯಾಯಾಧೀಶನಾದವನು ಸಾಕ್ಷಿಯಾಗುವಂತಿಲ್ಲ. ಆದರೆ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂಥ, ಎಲ್ಲರಿಗೂ ಗೊತ್ತಿರುವ ಸಂಗತಿಗೆ ಸಾಕ್ಷಿ ಬೇಕಿಲ್ಲ ಎಂದು ಕಾನೂನು ಒಪ್ಪುತ್ತದೆ. ಮೊದಲ ಬೇಡ ಬೇಡವಲ್ಲ ಎಂಬುದು ಆ ಜಾತಿಗೆ ಸೇರಿದ್ದೇ? ಮೈಸೂರು, ಶಿವಮೊಗ್ಗಗಳಲ್ಲಿ ಖಂಡಿತ ಸೇರಿದ್ದು. ಟ್ರಾಯ್‌ನಲ್ಲಿ ಅಲ್ಲ. ಕಾಲೇಜಿನಲ್ಲಿ ಓದಿದ ಕರಾರು ಕಾನೂನು ಬೇರೆ ನೆನಪಾಯಿತು. ಒಂದು ಪ್ರಸ್ತಾಪವನ್ನು ತಿರಸ್ಕರಿಸಿದೊಡನೆ ಅದು ಅಲ್ಲಿಗೇ ಸತ್ತಂತೆ ಎನ್ನುತ್ತದೆ ಅದು. ನಮ್ಮಲ್ಲಿ ಅದು ಎಲ್ಲಿ ಸಾಯುತ್ತದೆ? ಒಳಗೆ ಹೋಗಿ ಡಿಕಾಕ್ಷನ್ ಹಾಕಿಕೊಂಡು ಬರುತ್ತದೆ.

ಏನೂ ತೋಚದೆ, ಆ ಕೆಲಸ ಇನ್ನೂ ಖಾಲಿ ಇದೆಯೇ ಎಂದು ಡೇವ್‌ನನ್ನು ಕೇಳಿದೆ. “ಇದೆ. ಆಕೆಯ ಹಾಗೆ ಜಿಪ್ ಹಾಕೋರು ಇನ್ನೊಬ್ಬರು ಸಿಕ್ಕಿಲ್ಲ,” ಎಂದ. ಆಮೇಲೆ ತಾನಾಗಿಯೇ, “ಮ್ಯಾಮ್, ಈಗ ಬರ್ತೀರಾ?” ಎಂದ. ನನ್ನ ಜೀವ ಹಗುರವಾಯಿತು.

“ನೋ ನೋ ಸಾರ್, ನಿಮಗ್ಯಾಕೆ ಸುಮ್ಮನೆ ತೊಂದರೆ,” ಎಂದರು ಶಮೀಮ್.

ಎರಡನೆಯ ಬೇಡ! ಇಷ್ಟು ಕಷ್ಟಪಟ್ಟು ದಡಕ್ಕೆ ತಂದ ದೋಣಿಯನ್ನು ಆಕೆಯೇ ಕಾಲಿನಿಂದ ಒದ್ದಂತಾಯಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಪುಣ್ಯಕ್ಕೆ ಫೋನಿನಲ್ಲಿ ಅದು ಕಾಣುವುದಿಲ್ಲ.

ವಿಚಾರಣೆ ಮುಗಿಸುವ ಮುಂಚೆ, ಇನ್ನೇನಾದರೂ ಕೇಳುವುದಿದೆಯೇ ಎಂದು ಎರಡೂ ಕಡೆಯವರನ್ನು ಕೇಳುವುದು ನಮ್ಮ ಪದ್ಧತಿ. ಡೇವ್‌ನನ್ನು ಕೇಳಿದೆ. ಇಲ್ಲ ಎಂದ. ಅಲ್ಲಿಗೆ ರೆಕಾರ್ಡರ್ ನಿಲ್ಲಿಸಬೇಕು. ನನ್ನ ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲು ಮನಸ್ಸು ಬರಲಿಲ್ಲ. ‘ಏನೂ ಇಲ್ಲವೇ?’ ಎಂದೆ. ‘ಇಲ್ಲ’ ಎಂದ. ‘ನಿಧಾನವಾಗಿ ಯೋಚಿಸಿ, ಆತುರವೇನಿಲ್ಲ,’ ಎಂದೆ. ಟ್ರಾಯ್‌ನಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

“ಸರಿ ಮ್ಯಾಮ್, ಕೊನೇ ಸಲ ಕೇಳ್ತಿದೀನಿ. ಬರ್ತೀರೋ ಇಲ್ವೋ?”

“ಇಷ್ಟು ಬಲವಂತ ಮಾಡ್ತೀರಿ ಅಂದ್ರೆ ಬರ್ತೀನಿ ಸಾರ್,” ಎಂದರು ಶಮೀಮ್.

ನಿಂತುಹೋಗಿದ್ದ ವಾರಗಳ ಭತ್ಯೆಯ ಪ್ರಶ್ನೆ ಉಳಿದಿತ್ತು. ಯಾವ ದಿನದಿಂದ, ಎಷ್ಟು ಗಂಟೆ, ಎಷ್ಟು ಸಂಬಳ ಎಂದು ಹೇಳದೆ ಬರೀ ಬರ್ತೀರಾ ಎಂದರೆ ಅದು ಖಚಿತವಾಗಿ ಕೆಲಸ ಕೊಟ್ಟಂತಲ್ಲ ಎಂದು ಬರೆದು ಆಕೆಯ ಪರವಾಗಿ ತೀರ್ಪು ಕೊಟ್ಟೆ. ಕಾನೂನಿನಲ್ಲಿ ಇರುವುದೇ ಅದು, ನಾನು ಕಟ್ಟಿದ್ದಲ್ಲ. ಆದರೂ ಆ ತೀರ್ಪು ಬರೆದದ್ದು ಕಾನೂನೋ ಅಥವಾ ಅಂದು ಕುಡಿಯದೆ ಹೋದ ಕಾಫಿಯೋ, ನನಗೆ ಇಂದಿಗೂ ಸ್ಪಷ್ಟವಿಲ್ಲ.

ಕೆಲವು ವರ್ಷಗಳ ಮೇಲೆ ನಮ್ಮ ಮುಖ್ಯಸ್ಥೆ ಕ್ಯಾರಲ್ ನನ್ನ ಕೋಣೆಯ ಬಾಗಿಲಿಗೆ ಬಂದು, ಸೀನಿಯರ್ ಜಡ್ಜ್ ಹುದ್ದೆ ಖಾಲಿಯಾಗಿದೆ, ತೆಗೆದುಕೊಳ್ಳುತ್ತೀರಾ ಎಂದರು. ಆ ಹುದ್ದೆಯ ಮೇಲೆ ನನಗಿದ್ದ ಆಸೆ ವತ್ಸಲಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. “ಅಯ್ಯೋ, ನನಗ್ಯಾಕೆ? ನನಗಿಂತ ಯೋಗ್ಯರಿದ್ದಾರೆ,” ಎಂದಿತು ನಾಲಿಗೆ. “ಓಕೆ, ಅರ್ಥವಾಯಿತು,” ಎಂದು ಅವರು ಹೊರಟೇಬಿಟ್ಟರು.

ಫೋನ್ ಹಿಡಿದುಕೊಂಡೇ ನಿಂತಿದ್ದ ಶಮೀಮ್ ಕಣ್ಣಮುಂದೆ ಬಂದರು. ಎದ್ದು ಕಾರಿಡಾರಿನಲ್ಲಿ ಅವರ ಹಿಂದೆ ಓಡಿದೆ. “ಕ್ಯಾರಲ್, ದಯವಿಟ್ಟು ಇನ್ನೊಂದು ಸಲ ಕೇಳಿ,” ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ, ಪಾಪ, ಕೇಳಿದರು.

ಸಂಜೆ ವುಡ್‌ರಿಡ್ಜಿನ ಮನೆಗೆ ಬಂದು ವತ್ಸಲಾಗೆ ಎಲ್ಲ ಹೇಳಿದೆ. ಓಡಿಹೋಗಿ ಇನ್ನೊಮ್ಮೆ ಕೇಳಿಸಿಕೊಂಡು ಹೂಂ ಎಂದದ್ದನ್ನೂ ಬಿಡಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅಡುಗೆಮನೆಯಿಂದ, “ಕಾಫಿ ಮಾಡ್ಲಾ?” ಎಂದಳು.

“ಬೇಡ,” ಎಂದೆ.

ಹಾಲು ಆಗಲೇ ಒಲೆಯ ಮೇಲಿತ್ತು.