ಎದುರು ಫ್ಲ್ಯಾಟಿನ ವಿಶ್ವವಿದ್ಯಾಲಯ

ಕಳೆದ ವಾರ ಆಫೀಸಿನಿಂದ ಬಂದು ಲಿಫ್ಟ್ ಹತ್ತಿದರೆ ಒಳಗೆಲ್ಲ ಒಣಶುಂಠಿ ಹಾಕಿ ಕುದಿಸಿದ ಕಾಫಿಯ ವಾಸನೆ. ಯಾರೋ ಫ್ಲಾಸ್ಕ್ ಹಿಡಿದು ಇಳಿದುಹೋಗಿದ್ದಿರಬೇಕು. ನನ್ನ ಎದೆ ಧಸಕ್ಕೆಂದಿತು. ಅದು ಸುಮ್ಮಸುಮ್ಮನೆ ಧಸಕ್ಕೆನ್ನುವ ಎದೆಯೇ. ಆಫೀಸಿನಿಂದ ಫೋನು ಬಂದರೂ ಹಾಗೆ, ಬಾರದಿದ್ದರೂ ಹಾಗೆ. ಆದರೆ ಆವತ್ತು ನಮ್ಮ ಮಹಡಿ ಬಂದ ಮೇಲೂ ಹೊರಗೆ ಕಾಲಿಡಲಾಗಲಿಲ್ಲ. ಎದುರು ಮನೆಯ ಬಾಗಿಲು ತೆರೆದಿದ್ದರೆ... ಎಂದುಕೊಳ್ಳುತ್ತಿದ್ದಂತೆ ಲಿಫ್ಟ್ ಮುಚ್ಚಿಕೊಂಡು ನನ್ನನ್ನು ಮತ್ತೆ ಕೆಳಕ್ಕೆ ಒಯ್ದಿತು.

ದುಬೈಗೆ ಬಸ್ಸಿನ ದಾರಿಯ ಈ ಕೊಲ್ಲಿ ನಗರದಲ್ಲಿ, ಟೂರಿಸ್ಟ್ ಕ್ಲಬ್ ಏರಿಯಾದ ಈ ಹಳೆಯ ಕಟ್ಟಡದಲ್ಲಿ, ನಮ್ಮ ಎದುರು ಫ್ಲ್ಯಾಟಿನಲ್ಲಿ, ಒಬ್ಬ ಕುಲಪತಿಗಳಿದ್ದರು. ಸುಡಾನಿನವರು. ಅವರ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಯುದ್ಧದಲ್ಲಿ ಬೆಂಕಿ ಬಿದ್ದು, ದಾಖಲೆಗಳೆಲ್ಲ ಬೂದಿಯಾಗಿದ್ದವು. ಅವರು ಬಟ್ಟೆಗಿಂತ ಹೆಚ್ಚು ಲೆಟರ್‌ಹೆಡ್ ತುಂಬಿದ ಒಂದು ಸೂಟ್‌ಕೇಸ್ ಹಿಡಿದುಕೊಂಡು ಮಗಳ ಮನೆಗೆ ಬಂದಿದ್ದರು.

“ನಿಮ್ಮಲ್ಲಿ ಪ್ರಿಂಟರ್ ಇದೆಯಂತಲ್ಲ, ಇಂಜಿನಿಯರ್ ಸಾಹೇಬರೇ?” ಎಂದು ಒಂದು ದಿನ ಬೆಲ್ ಒತ್ತಿದರು. ನಾನು ಇಂಜಿನಿಯರ್ ಅಲ್ಲ, ಹಡಗಿನ ಸರಕಿನ ಕಂಪನಿಯಲ್ಲಿ ಗುಮಾಸ್ತ. ಕೇಳಲು ಹಿತವಾಗಿತ್ತು, ತಿದ್ದಲಿಲ್ಲ. ಪ್ರಿಂಟರನ್ನೇ ಹೊತ್ತು ಅವರ ಮನೆಯಲ್ಲಿಟ್ಟೆ.

ಈ ದೇಶದಲ್ಲಿ ಡಾಕ್ಟರಾಗಿ ಕೆಲಸ ಬೇಕೆಂದರೆ, ಓದಿದ ಸಂಸ್ಥೆಯೇ ‘ಹೌದು, ಇವರು ನಮ್ಮಲ್ಲಿ ಪಾಸಾದವರು’ ಎಂದು ಬರೆದುಕೊಡಬೇಕು. ಬರೆದುಕೊಡಲು ಸಂಸ್ಥೆಯೇ ಇಲ್ಲದ ಅವರ ಹಳೆಯ ವಿದ್ಯಾರ್ಥಿಗಳು ಜೆಬೆಲ್ ಅಲಿ ಬಂದರಿನ ಗೋದಾಮುಗಳಲ್ಲಿ ಪೆಟ್ಟಿಗೆ ಎತ್ತುತ್ತಿದ್ದರು. ಅವರ ಓದಿಗೆ ಸಾಕ್ಷಿಯಾಗಿ ಉಳಿದಿದ್ದು ಈ ಮುದುಕರ ಸಹಿಯೊಂದೇ. ರಜಾದಿನ ಬಂತೆಂದರೆ ಎದುರು ಬಾಗಿಲ ಮುಂದೆ ಚಪ್ಪಲಿಗಳ ರಾಶಿ.

“ಏನ್ರೀ ಅದು, ಸಂತೆ?” ಎಂದಳು ಹೆಂಡತಿ. “ವಾಚ್‌ಮನ್ ನನ್ನ ಕೇಳ್ತಾನೆ.”

“ಯೂನಿವರ್ಸಿಟಿ ಕಣೇ.”

“ಹಾಗಾದ್ರೆ ನೀವೂ ಒಂದು ಡಿಗ್ರಿ ತಗೊಂಡ್ಬಿಡಿ. ಆ ಇಂಜಿನಿಯರ್ ಅನ್ನೋದಾದ್ರೂ ನಿಜ ಆಗ್ಲಿ.”

ಬಂದವರೆಲ್ಲರ ಮುಖ ಕುಲಪತಿಗಳಿಗೆ ನೆನಪಿರುವುದು ಸಾಧ್ಯವಿರಲಿಲ್ಲ. ಅದಕ್ಕೇ ಪರೀಕ್ಷೆ. ವೈದ್ಯಶಾಸ್ತ್ರದ ನಾಲ್ಕು ಪ್ರಶ್ನೆ ಮುಗಿದ ಮೇಲೆ, ಕಣ್ಣು ಮುಚ್ಚಿಕೊಳ್ಳಲು ಹೇಳುತ್ತಿದ್ದರು. ನನಗೆ ಅರ್ಥವಾಗಲೆಂದು ಎಲ್ಲವೂ ಇಂಗ್ಲಿಷಿನಲ್ಲಿ.

“ಗೇಟಿನಿಂದ ಒಳಗೆ ಬಾ. ಎಡಕ್ಕೆ ಏನಿದೆ?”

“ಬೇವಿನ ಮರ, ಸರ್. ಕೆಳಗೆ ಟೀ ಮಾರುವ ಹೆಂಗಸು.”

“ಸಕ್ಕರೆ ಯಾವ ಕೈಯಲ್ಲಿ ಹಾಕ್ತಿದ್ದಳು?”

“ಎಡಗೈಯಲ್ಲಿ. ನಮ್ಮನ್ನು ಬೈಕೊಂಡೇ ಹಾಕ್ತಿದ್ದಳು.”

ಕುಲಪತಿಗಳು ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು. ನಾನು ಪ್ರಿಂಟ್ ಒತ್ತುತ್ತಿದ್ದೆ. ಇದೆಲ್ಲ ಕಾನೂನುಬದ್ಧವೋ ಅಲ್ಲವೋ ಎಂಬ ಚಿಂತೆಯಲ್ಲಿ ನನ್ನನ್ನು ಎಷ್ಟೋ ಸಲ ಮನಸ್ಸಿನಲ್ಲೇ ವಿಮಾನ ಹತ್ತಿಸಿ ಮೈಸೂರಿಗೆ ಗಡಿಪಾರು ಮಾಡಿಕೊಂಡಿದ್ದೇನೆ. ಆದರೂ ಹೋಗುತ್ತಿದ್ದೆ. ಕೇಳಿ ಕೇಳಿ ಆ ಕಟ್ಟಡ ನನ್ನೊಳಗೂ ಎದ್ದು ನಿಂತಿತ್ತು. ನಾನು ಓದಿದ ಕಾಲೇಜಿನ ಮೆಟ್ಟಿಲು ಯಾವ ಕಡೆಗಿತ್ತೆಂದು ನೆನಪಿಲ್ಲ. ನೋಡದ ಊರಿನ ಅಂಗರಚನಾ ವಿಭಾಗದಲ್ಲಿ ಯಾವ ಫ್ಯಾನು ಕಟಕಟ ಎನ್ನುತ್ತಿತ್ತೆಂದು ಮಾತ್ರ ಗೊತ್ತು.

ಒಂದು ಮಧ್ಯಾಹ್ನ ಒಬ್ಬ ಯುವಕ ಬಂದ. ವೈದ್ಯಶಾಸ್ತ್ರದಲ್ಲಿ ತಡವರಿಸಿದ. ಪಾಪ, ಹೆದರಿದ್ದಾನೆ ಎಂದುಕೊಂಡೆ. ಹೆದರಿಕೆ ನನಗೆ ಪರಿಚಿತ. ಕಣ್ಣು ಮುಚ್ಚಿಸಿದ ಮೇಲೆ ಮಾತ್ರ ಎಲ್ಲ ಸಲೀಸು: ಕಾರಿಡಾರು, ನದಿಯ ಕಡೆಯ ಕಿಟಕಿ, ನೀರಿನ ತೊಟ್ಟಿ.

“ಗೇಟಿನ ಎಡಕ್ಕೆ?”

“ಮರದ ಬೊಡ್ಡೆ.”

ಕುಲಪತಿಗಳು ಪೆನ್ನು ಕೆಳಗಿಟ್ಟರು. “ಮೇಲೆ ಹೋಗು. ನನ್ನ ಕೋಣೆಯ ಬಾಗಿಲಿನ ಬಣ್ಣ?”

“ಬಾಗಿಲಿಲ್ಲ, ಸರ್. ಒಲೆಗೆ ಹಾಕಿದೆವು.”

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಕಣ್ಣು ಬಿಟ್ಟು ಎದ್ದ. ಅವನು ಅಲ್ಲಿ ಓದಿದವನಲ್ಲ. ಎಲ್ಲರೂ ಓಡಿಹೋದ ಮೇಲೆ ಆ ಕಟ್ಟಡದಲ್ಲಿ ಇದ್ದವನು. ಬಂದೂಕು ಹಿಡಿದು ಇದ್ದನೋ, ಬಂದೂಕಿಗೆ ಹೆದರಿ ಅಡಗಿದ್ದನೋ... ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಕೂರಿಸಿ, ಬಂದವರಿಗೆಲ್ಲ ಕೊಡುತ್ತಿದ್ದ ಆ ಶುಂಠಿ ಕಾಫಿಯನ್ನೇ ಬಗ್ಗಿಸಿಕೊಟ್ಟರು.

“ಪತ್ರ ಕೊಡಲಾರೆ, ಮಗನೇ. ಆದರೆ ನನ್ನನ್ನು ಒಂದೊಂದು ಕೋಣೆಗೂ ಕರಕೊಂಡು ಹೋಗು.”

ಅವನು ಕರೆದುಕೊಂಡು ಹೋದ. ಯಾವ ಗೋಡೆ ಬಿದ್ದಿದೆ, ಎಲ್ಲಿ ಛಾವಣಿ ನಿಂತಿದೆ. ಅಂಗರಚನಾ ವಿಭಾಗಕ್ಕೆ ಬಂದಾಗ ದನಿ ಇಳಿಯಿತು. “ಕಲ್ಲಿನ ಮೇಜುಗಳಿವೆ, ಸರ್. ಅವುಗಳ ಮೇಲೆ ಮಲಗಿಸ್ತಿದ್ದೆವು.”

“ನಿದ್ದೆಗಾ?” ಎಂದು ನಾನು ಕೇಳಿಬಿಟ್ಟೆ.

ಇಬ್ಬರೂ ನನ್ನ ಮುಖ ನೋಡಿದರು. ಈಗಲೂ ಸ್ನಾನ ಮಾಡುವಾಗಲೋ, ಸಿಗ್ನಲ್ಲಿನಲ್ಲಿ ನಿಂತಾಗಲೋ, ಆ ಎರಡು ಮುಖಗಳು ಬರುತ್ತವೆ.

ಅವನು ಹೋದ ಮೇಲೆ ಕುಲಪತಿಗಳು ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದರು. ತಿರುಗಿದಾಗ ಕಣ್ಣಲ್ಲಿ ಎಂಥದೋ ಬೆಳಕಿತ್ತು, ನನಗೆ ಭಯವಾಯಿತು. “ಛಾವಣಿ ಇದೆಯಂತೆ, ಇಂಜಿನಿಯರ್. ತರಗತಿ ನಡೆಸಬಹುದು.”

ನಾನು ಗೊತ್ತಿದ್ದ ಅಪಾಯಗಳನ್ನೆಲ್ಲ ಹೇಳಿದೆ. ಅದೊಂದು ವಿಷಯದಲ್ಲಿ ನಾನು ಪಂಡಿತ. ಕಡೆಗೆ, “ನೀವು ಹೋದರೆ ಇವರಿಗೆಲ್ಲ ಸಹಿ ಹಾಕೋರು ಯಾರು?” ಎಂದೆ.

“ಇವರದು ಓದು ಮುಗಿದಿದೆ. ಅರ್ಧಕ್ಕೇ ನಿಂತವರು ಅಲ್ಲಿದ್ದಾರೆ,” ಎಂದರು. “ಉಳಿದ ಸಹಿ ಬಂದು ಹಾಕ್ತೀನಿ. ಯಲ್ಲಾ, ನಡೀರಿ, ಆ ಪ್ರಿಂಟರ್ ಆರಿಸಿ.”

ಅವರ ಊರಿನಲ್ಲಿ ಗುಂಡಿನ ಸದ್ದು ನಿಂತಿತೆಂಬ ಸುದ್ದಿ ಬಂದದ್ದೇ, ಹೊರಟರು. ಒಂದು ಫೋಟೋ ಕಳಿಸಿದ್ದರು. ಬಾಗಿಲಿನ ಜಾಗಕ್ಕೆ ಹಾಸಿಗೆಯ ಹೊದಿಕೆ ತೂಗುಹಾಕಿದ್ದರು, ನೆಲದ ಮೇಲೆ ಹುಡುಗ ಹುಡುಗಿಯರು. ಆಮೇಲೆ ನನ್ನ ಮೆಸೇಜುಗಳಿಗೆ ಒಂದೇ ಟಿಕ್ ಬೀಳತೊಡಗಿತು. ಆಮೇಲೆ ಒಂದು ಸಂಜೆ ಅವರ ಮಗಳು ನಮ್ಮ ಬಾಗಿಲಿಗೆ ಬಂದು, ಹೆಂಡತಿಯ ಕೈ ಹಿಡಿದುಕೊಂಡು ನಿಂತಳು. ಜ್ವರದಲ್ಲಿ ಹೋಗಿಬಿಟ್ಟರಂತೆ. ಅಷ್ಟೊಂದು ಡಾಕ್ಟರುಗಳನ್ನು ಮಾಡಿದವರಿಗೆ, ಒಂದು ಜ್ವರ... ಆ ಕುಟುಂಬ ಆಮೇಲೆ ದೂರದ ರುವೈಸ್ ಪಟ್ಟಣಕ್ಕೆ ಹೋಯಿತು.

ಈಗಲೂ ಯಾರಾದರೂ ಬರುತ್ತಾರೆ. ಎದುರು ಮನೆಯ ಹೊಸಬರು ನಮ್ಮ ಬಾಗಿಲು ತೋರಿಸುತ್ತಾರೆ. ಮೊನ್ನೆ ಬಂದ ಹುಡುಗಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಹೋಗಲೂ ಇಲ್ಲ. “ದುಬೈಯಿಂದ ಬಸ್ಸಿನಲ್ಲಿ ಬರ್ತಾ ಪ್ರಾಕ್ಟೀಸ್ ಮಾಡಿದ್ದೆ, ಸರ್. ಹೇಳಲಾ?” ಎಂದು ಅಲ್ಲೇ ಕಾರಿಡಾರಿನಲ್ಲಿ ಕಣ್ಣು ಮುಚ್ಚಿದಳು.

ತಡೆಯಬೇಕಿತ್ತು. ತಡೆಯಲಿಲ್ಲ. ಗೇಟಿನಿಂದ ಶುರುಮಾಡಿ ಮೇಲಿನ ಮಹಡಿಯವರೆಗೆ ಒಂದೂ ತಪ್ಪಿಲ್ಲದೆ ನಡೆದು ಬಂದಳು.

“ಸರಿಯಾಗಿದೆಯಮ್ಮ, ಎಲ್ಲ ಸರಿಯಾಗಿದೆ,” ಎಂದೆ.

“ಥ್ಯಾಂಕ್ಯೂ ಸರ್,” ಎಂದು ಅವಳು ಕಣ್ಣು ತೆರೆದಳು. ಮತ್ತೆ ಅಲ್ಲೇ ಕಾದು ನಿಂತಳು, ನನ್ನ ಬರಿಗೈಯನ್ನೇ ನೋಡುತ್ತ.